ಮೋಡ್: ಮೋಡನ್ನು ಹೊಂದಿಸುತ್ತದೆ

ಹಾಸನದ ಎಪಿಎಂಸಿ ಯಾರ್ಡು, ಬೆಳಗಿನ ನಾಲ್ಕೂವರೆ.
ಆಲೂಗಡ್ಡೆ ಲಾರಿ ಹನ್ನೊಂದು, ವೇಬ್ರಿಡ್ಜ್ ಒಂದು,
ಖಾಲಿ ಕಾಟಾದ ಮೇಲೆ
ನನ್ನ ಪರದೆ ತೋರಿಸುತ್ತಿದೆ: ಮೈನಸ್ ನಲವತ್ತು ಕೆಜಿ.

ಕೈಪಿಡಿ ತೆರೆದೆ. ಆರುನೂರ ಹನ್ನೆರಡು ಪುಟ.
ನಾಲ್ಕನೇ ಅಧ್ಯಾಯ: 'ಮೋಡ್: ಮೋಡನ್ನು ಹೊಂದಿಸುತ್ತದೆ.'
ಹೌದೇನಪ್ಪಾ!
ಉಪ್ಪು ಅಂದರೆ ಉಪ್ಪು ಎಂದು ಬರೆದ ಪುಣ್ಯಾತ್ಮ
ಎಲ್ಲೋ ಕಾಲು ಚಾಚಿ ಮಲಗಿದ್ದಾನೆ.
'ಹೆಚ್ಚಿನ ವಿವರಕ್ಕೆ ಅಧ್ಯಾಯ ಒಂಬತ್ತು.'
ಒಂಬತ್ತು ಹೇಳುತ್ತದೆ: 'ನಾಲ್ಕರಲ್ಲಿ ವಿವರಿಸಿದಂತೆ.'
ಸಹಾಯದ ಗುಂಡಿ ಒತ್ತಿದರೆ
'ಈ ಪುಟ ಉಪಯೋಗವಾಯಿತೇ?'
ಪುಟವೇ ಇಲ್ಲ.

ಅರಕಲಗೂಡಿನ ಡ್ರೈವರ್ ಹಾರ್ನ್ ಮೇಲಿಂದ ಕೈ ತೆಗೆದಿಲ್ಲ.
ಕಾಟಾ ಜವರಪ್ಪ ಬೀಡಿ ಆರಿಸಿ ಬಂದ,
ಮೀಟರ್ ಡಬ್ಬಿಯ ಬಾಗಿಲು ತೆಗೆದು
ಅದರ ಒಳಮೈಗೆ ಟಾರ್ಚ್ ಹಿಡಿದ.
ಪೆನ್ಸಿಲಿನ ಓರೆ ಅಕ್ಷರ, ಯಾರದೋ:

'ಸೋನೆ ಹಿಡಿದರೆ ಸೊನ್ನೆ ಬರಲ್ಲ.
ಕೇಬಲ್ ಕಿತ್ತು ಒರೆಸು, ಎರಡು ಸಲ.
ಮೋಡ್ ಮೂರು ಮುಟ್ಟಬೇಡ.
ನಾನು ಮುಟ್ಟಿ ಕೆಟ್ಟೆ.'

ಸಹಿ ಇಲ್ಲ. ತಾರೀಖು ಇದೆ,
ನಾನಿನ್ನೂ ಹೈಸ್ಕೂಲಲ್ಲಿದ್ದ ವರ್ಷದ್ದು.

ಜವರಪ್ಪನ ಟವೆಲಿನಲ್ಲಿ ಒರೆಸಿದೆ.
ಒಂದು, ಎರಡು. ಮೈನಸ್ ಆರು.
ಇನ್ನೊಮ್ಮೆ. ಸೊನ್ನೆ.

ಮೊದಲ ಲಾರಿ ಹತ್ತುತ್ತಿದ್ದಂತೆ
ಪೆನ್ಸಿಲ್ ಇಸ್ಕೊಂಡು
'ಎರಡು' ಹೊಡೆದು
'ಮೂರು' ಮಾಡಿದೆ.