ಎರಡು ಬೆರಳು

ನಮ್ಮ ಊರಿಗೆ ದೇವರ ಹೆಸರಿಲ್ಲ, ಹಾಳು ಕೋಟೆಯೂ ಇಲ್ಲ.
ಗೋಕಾಕದಿಂದ ಕೆಳಗೆ, ಕಾಲುವೆ ಮೊಣಕೈ ಮಡಿಸುವ ಕಡೆ
ಒಂದು ಕಲ್ಲು ನೆಟ್ಟರು: ೧೨.
ಕಲ್ಲಿನ ನೆರಳಿಗೆ ಒಬ್ಬಳು ಮಜ್ಜಿಗೆಯ ಗಡಿಗೆ ಇಟ್ಟಳು,
ಆಮೇಲೆ ಒಬ್ಬ ಕಮ್ಮಾರ, ಆಮೇಲೆ ಎರಡು ಚಕ್ಕಡಿ.
ಹೀಗೆ ಹನ್ನೆರಡ ಮೈಲಿ ಊರಾಯಿತು.
ಮೈಲಿ ಹೋಗಿ ಕಿಲೋಮೀಟರು ಬಂದಾಗ
ಹೊಸ ಕಲ್ಲು ಹತ್ತೊಂಬತ್ತು ಅಂದಿತು.
ನಾವು ಕೇಳಿಸಿಕೊಳ್ಳಲಿಲ್ಲ.

ಮೊದಲ ನೀರು ನೀರಿನ ಹಾಗೆ ಬರಲಿಲ್ಲವಂತೆ.
ಮುಂದೆ ಧೂಳು, ಧೂಳಿನ ಹಿಂದೆ ಕಣಕಿ, ಒಣ ಸೆಗಣಿ,
ಕಣಕಿಯ ಮೇಲೆ ಚೇಳುಗಳು, ಒಂದು ಹರಕು ಎಕ್ಕಡ,
ಆಮೇಲೆ, ನಾಚಿಕೊಂಡು, ಕೆಂಪಗೆ,
ಘಟಪ್ರಭೆ.
ದಂಡೆಗುಂಟ ಹುಡುಗರು ಅದರ ಜೊತೆ ನಡೆದರು.
ಓಡಬೇಕಾಗಿರಲಿಲ್ಲ; ಅಷ್ಟು ಮೆಲ್ಲಗೆ ಬಂತು.
ಅಗೆದವರು ಒಡ್ಡರು. ಹುಲಿಗೆವ್ವ ಎಂಬಾಕೆ
ಬುಟ್ಟಿ ಇಳಿಸಿ, ಮೊಣಕಾಲಮಟ ನೀರಲ್ಲಿ ನಿಂತು ಕೇಳಿದಳಂತೆ:
"ನಮ್ಮ ಕೇರಿಗಿ ಯಾವಾಗ್ರಿ ಬರೂದು?"
ನಕಾಶೆ ಬಿಚ್ಚಿ ನೋಡಿದರು.
ಕೇರಿ ನಕಾಶೆಯಲ್ಲಿರಲಿಲ್ಲ.

ನನ್ನ ಮುತ್ತಜ್ಜ ಲಾಡಸಾಬ, ಪಾಟಕರಿ.
ತೂಬಿನ ಗೋಡೆಗೆ ಬಿಳಿ ಪಟ್ಟಿ, ಕಪ್ಪು ಅಂಕಿ.
ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಓದಿ ಬರೆಯುವುದು.
ಅವನ ನಂತರ ಅಜ್ಜ, ಅಪ್ಪ, ಗಂಡುಮಕ್ಕಳಿಲ್ಲದ್ದಕ್ಕೆ
ನಾನು, ಜೈತುನಬಿ.
ಊರಿನ ಚರಿತ್ರೆ ಎಂದರೆ ಈ ವಹಿಗಳೇ.
ಮೊದಲಿನವು ಮೋಡಿಯಲ್ಲಿವೆ, ನನಗೆ ಓದಲು ಬಾರದು;
ಅಂಕಿ ಬರುತ್ತವೆ. ಎರಡು ಅಡಿ ನಾಲ್ಕಿಂಚು. ಎರಡು ಅಡಿ ಮೂರು.
ಪ್ಲೇಗಿನ ವರ್ಷ ಮೂರು ತಿಂಗಳು ಖಾಲಿ ಪುಟ.
ಒಂದು ಕಡೆ, ಅಂಚಿನಲ್ಲಿ, ಅಜ್ಜನ ಕನ್ನಡ:
"ಎಮ್ಮಿ ತೇಲಿ ಬಂತು. ಯಾರದಂತ ಗೊತ್ತಿಲ್ಲ. ಹಾಲು ಕರೀತೇವಿ."
ಇನ್ನೊಂದು ಕಡೆ, ಅಪ್ಪನ ಅಕ್ಷರ, ಬರೀ: "ಮಗಳು."
ಆ ದಿನ ಒಂದು ಅಡಿ ಒಂಬತ್ತಿಂಚು ಹರಿದಿತ್ತು.

ಹೋದ ಬೇಸಿಗೆ ಕಾಂಕ್ರೀಟು ಹಾಕಲು ನೀರು ನಿಲ್ಲಿಸಿದರು.
ತಳದಲ್ಲಿ ಸಿಕ್ಕದ್ದು ಹಿತ್ತಾಳೆಯ ತಂಬಿಗೆಗಳು, ಒಂದು ಸೈಕಲ್ಲು,
ಯಾರೋ ಸಿಟ್ಟಿನಲ್ಲಿ ಎಸೆದ ಬೀಗ.
ಗೋಡೆಯ ಪಟ್ಟಿ ಕಿತ್ತರು. ಹೊಸ ಎಂಜಿನಿಯರ ಹುಡುಗಿ
ದುರ್ಬೀನಿಟ್ಟು ಮಟ್ಟ ಹಿಡಿದಳು, ಮತ್ತೆ ಹಿಡಿದಳು.
"ನಿಮ್ಮ ಸೊನ್ನಿ ತಪ್ಪೈತ್ರಿ ಅಕ್ಕಾರ.
ಪಟ್ಟಿ ಎರಡ ಬೆರಳ ಮ್ಯಾಲ ಹೊಡದಾರ.
ಬರದದ್ದಕ್ಕಿಂತ ಹೆಚ್ಚ ನೀರ ಹೋಗೇತಿ, ಮೊದಲಿನಿಂದ."

ದಿನಾ ಎರಡು ಬೆರಳು. ನೂರು ವರ್ಷದ ಮೇಲೆ.
ನಾನು ಏನೂ ಹೇಳಲಿಲ್ಲ.
ತೂಬಿನಿಂದ ಕೆಳಗೆ, ಬೇವಿನ ಮರ ದಾಟಿ,
ಒಡ್ಡರ ಕೇರಿಯ ತನಕ ಒಂದು ಕಿರುಗಾಲುವೆ ಹೋಗುತ್ತದೆ.
ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ:
ಅದರ ದಂಡೆಯಲ್ಲಿ ಮೆಂತ್ಯ, ಉಳ್ಳಾಗಡ್ಡಿ, ಒಂದು ನಿಂಬೆಗಿಡ.
ಯಾರು ತೋಡಿದರು ಎಂದು ಕೇಳಿದರೆ
ಅಪ್ಪ ಟೊಪ್ಪಿಗೆ ಸರಿಪಡಿಸಿಕೊಳ್ಳುತ್ತಿದ್ದ.

ಹೊಸ ಪಟ್ಟಿ ಬಂದಿದೆ, ಸೊನ್ನೆಗೆ ಗೆರೆ ಎಳೆದಾಗಿದೆ.
ಹುಡುಗಿ ಗೆರೆಯನ್ನು ನೋಡಿದಳು, ಬೇವಿನ ಮರದ ಕಡೆ ನೋಡಿದಳು,
"ಚಾ ಕುಡದ ಬರ್ತೇನ್ರಿ" ಅಂದು ದಂಡೆ ಹತ್ತಿ ಹೋದಳು,
ಸುತ್ತಿಗೆಯನ್ನು ನನ್ನ ಕೈಯಲ್ಲಿ ಬಿಟ್ಟು.