ಒಳತುದಿ

ವಿಲ್ಫ್ ಟ್ಯಾಪ್ಸೆಲ್ಲನ ಎಡಮೆದುಳಲ್ಲಿ ರಕ್ತ ಹೆಪ್ಪುಗಟ್ಟಿದ್ದು
ಮಾರ್ಚಿನ ಒಂದು ಮಂಗಳವಾರ, ಅಂಗಡಿಯಲ್ಲಿ, ಮೊಟ್ಟೆ ಕೊಳ್ಳುವಾಗ.
ಮೊಟ್ಟೆ ಎಂಬ ಮಾತು ಅಲ್ಲೇ ಹೋಯಿತು.
ಚಮಚ ಹೋಯಿತು, ಕಿಟಕಿ ಹೋಯಿತು,
ದಿನಾ ಬಂದು ಕಾಲು ಒತ್ತುವ ಮಗಳು
ಲಿನೆಟ್ಟಳ ಹೆಸರೂ ಹೋಯಿತು.
ಉಳಿದದ್ದು ನುಡಿಗಟ್ಟುಗಳು ಮಾತ್ರ.
ಅಗಿಯದೆ ನುಂಗಿದ್ದವು,
ಇಡಿ ಇಡಿಯಾಗಿ ಹೊರಬರುತ್ತಿದ್ದವು.

ನಾನು ಮಾತು ಕಲಿಸಿ ಸಂಬಳ ಎಣಿಸುವವಳು.
ಗದಗಿನ ಬಾಯಿ, ಚ್ಯಾಟಮ್ಮಿನ ಕೆಲಸ.
ಬಾಳೆಹಣ್ಣಿನ ಚಿತ್ರ ಹಿಡಿದು ಏನಿದು ಎಂದರೆ
ಹುಬ್ಬು ಗಂಟಿಕ್ಕಿ, ಬೆವೆತು, ತಡಕಾಡಿ
ಕೊನೆಗೊಮ್ಮೆ ನಕ್ಕುಬಿಡುತ್ತಿದ್ದ:
"ಹಳೇ ಹಗ್ಗಕ್ಕೆ ದುಡ್ಡು, ಲವ್. ಹಳೇ ಹಗ್ಗಕ್ಕೆ ದುಡ್ಡು."
ಬೆವರಿಲ್ಲದ ಗಳಿಕೆಗೆ ಇಲ್ಲಿ ಹಾಗನ್ನುತ್ತಾರೆ.
ಹಣ್ಣಿಗೆ ಅಂದನೋ, ನನ್ನ ನೌಕರಿಗೋ,
ಕೇಳಲಿಲ್ಲ.

ಲಿನೆಟ್ ಹೇಳಿದಳು:
ಅಪ್ಪ ಹಡಗುಕಟ್ಟೆಯ ಹಗ್ಗದ ಮನೆಯಲ್ಲಿ
ಹದಿನೈದಕ್ಕೆ ಸೇರಿದವನು,
ಕಟ್ಟೆಗೆ ಬೀಗ ಬೀಳುವವರೆಗೂ ಅಲ್ಲೇ.
ಕಾಲು ಮೈಲಿ ಉದ್ದದ ಒಂದೇ ಕೋಣೆ,
ಈ ತುದಿಯಿಂದ ಆ ತುದಿಗೆ ಸೈಕಲ್ಲು.
ಸವೆದ ಹಗ್ಗ ಬಿಡಿಸಿ ನಾರು ಕಿತ್ತು
ಹಲಗೆಯ ಬಿರುಕಿಗೆ ಟಾರಿನ ಜೊತೆ ತುರುಕುತ್ತಿದ್ದರಂತೆ ಹಿಂದೆ.
ಕೀಳುತ್ತಿದ್ದವರು ಕೈದಿಗಳು, ಅನ್ನವಿಲ್ಲದವರು.
"ಸಲೀಸು ದುಡ್ಡು ಅಂದವರು
ಅವರ ಉಗುರು ನೋಡಿರಲಿಕ್ಕಿಲ್ಲ.
ಮಾತು ಅಲ್ಲಿಂದಲೇ ಬಂತೋ ಏನೋ, ನನಗೇನು ಗೊತ್ತು,"
ಎಂದು ಕಿತ್ತಳೆ ಸುಲಿದಳು.

ಒಂದು ಸಂಜೆ ಚಹಾ ಬೇಕಾ ಎಂದೆ.
"ಮೂರು ಶೀಟು ಗಾಳಿಗೆ!"
ಕುಡಿದು ತೂರಾಡುವವನಿಗೆ ಅನ್ನುವ ಮಾತು.
ನಾನು ಹಾಸಿಗೆಯ ದುಪ್ಪಡಿ ಎತ್ತಿ ಬೀಸಿ ತೋರಿಸಿದೆ, ಇದಾ?
ತಲೆಯಾಡಿಸಿದ.
ಶೀಟು ಬಟ್ಟೆಯಲ್ಲವಂತೆ,
ಹಾಯಿಯ ಮೂಲೆ ಬಿಗಿಯುವ ಹಗ್ಗವಂತೆ.
ಮೂರೂ ಕಳಚಿದರೆ ಹಡಗೇ ಕುಡುಕ.
ಹನ್ನೊಂದು ವರ್ಷ ಈ ದೇಶದಲ್ಲಿ
ಬಟ್ಟೆ ಅಂದುಕೊಂಡೇ ನಕ್ಕಿದ್ದೆ.

ಇನ್ನೊಂದು ದಿನ ನಾನೇ ಬಾಯಿಬಿಟ್ಟೆ,
"ಬಿಟರ್ ಎಂಡ್ ತನಕ ಬಿಡೋದಿಲ್ಲ ನಿನ್ನ, ವಿಲ್ಫ್."
ಕಹಿಯಾದ ಕೊನೆ ಎಂದೇ ನನ್ನ ಲೆಕ್ಕ.
ಕಹಿಯ ಮುಖವನ್ನೂ ಮಾಡಿದ್ದೆ, ಹಾಗಲಕಾಯಿ ಕಚ್ಚಿದಂತೆ.
ಅವನು ಮಾತಾಡಲಿಲ್ಲ.
ನೆಟ್ಟಗಿದ್ದ ಎಡಗೈಯೊಂದರಲ್ಲೇ
ನಿಲುವಂಗಿಯ ದಾರ ಎಳೆದು
ಮಂಚದ ಕಂಬಿಗೆ ಸುತ್ತಿ ಬಿಗಿದ.
ನಾನು ಕಾಣದ ಗಂಟು, ಎರಡು ಉಸಿರಿನಲ್ಲಿ.
ಉಳಿದ ದಾರ ನೆಲಕ್ಕೆ, ನೀರಿಗೆಂಬಂತೆ, ಇಳಿಬಿಟ್ಟ.
ಲಂಗರು ಇಳಿಯಿತು, ಇಳಿಯಿತು,
ದಾರ ಮುಗಿಯಿತು.
ಕಂಬಿಯ ಬಳಿ ಉಳಿದ ಗೇಣುದ್ದವನ್ನು
ಬೆರಳಿಂದ ಬಡಿದ: ಇದು. ಇದು.
ಹಡಗಿನ ಗೂಟಕ್ಕೆ ಕಟ್ಟಿದ ತುದಿ.
ಕಹಿಯಲ್ಲ,
ಮನೆಯ ಕಡೆಯದು.

ಆಮೇಲೆ ಬೆರಳು ನನ್ನತ್ತ ತಿರುಗಿತು. ನಿನ್ನದು?
ಥಟ್ಟನೆ ನಾಲಿಗೆಗೆ ಬಂದದ್ದು
ಅವ್ವನ ಮಾತು:
ಹಗ್ಗಾ ತಿನ್ನೋ ಹನುಮಂತರಾಯಗ
ಶಾವಿಗಿ ಯಾವ ಲೆಕ್ಕ.
ಚಿತ್ರದ ಕಾರ್ಡಿನ ಬೆನ್ನಿಗೆ ಬರೆದೆ:
ಬಾಲವಿದೆ, ಗದೆಯಿದೆ, ಬಾಯ್ತುಂಬ ಹಗ್ಗ.
ನಕ್ಕ, ಜೊಲ್ಲು ಸುರಿದು ಮತ್ತೆ ನಕ್ಕ.
ಆಮೇಲೆ ಅಂಗೈ ಮೇಲೆ ಮಾಡಿದ. ಯಾಕೆ?

ಯಾಕೆ.
ಮೂವತ್ತೆಂಟು ವರ್ಷ ಆಡಿದ ಮಾತು,
ಒಮ್ಮೆಯೂ ತಿರುವಿ ನೋಡಿರಲಿಲ್ಲ.
ರಾತ್ರಿ ಫೋನು ಹಚ್ಚಿದೆ. ಅಲ್ಲಿ ನಡುರಾತ್ರಿ.
"ಅಂವ ಹಗ್ಗಾ ಯಾಕ ತಿಂತಿದ್ದ ಅವ್ವಾ?"
"ಹಸಿವಾಗಿತ್ತೇನೋ," ಅಂದಳು ನಿದ್ದೆಗಣ್ಣಲ್ಲಿ,
"ನೀ ಉಂಡ್ಯಾ?"

ಮರುದಿನ ಮತ್ತೆ ಬಾಳೆಹಣ್ಣು. ಏನಿದು?
ಹುಬ್ಬು, ಬೆವರು, ತಡಕಾಟ.
ಕಾರ್ಡು ಕಸಿದು ಬೆನ್ನು ತಿರುವಿ ನೋಡಿದ.
ತುಟಿ ಎರಡು ಸಲ ಕೂಡಿ ಬಿಟ್ಟವು.
"ಮಂ...ಕಿ," ಅಂದ.

ದಾಖಲೆ ಪುಸ್ತಕದಲ್ಲಿ ಬರೆದೆ:
ಉತ್ತರ ತಪ್ಪು.
ಕೆಳಗೆ, ಎರಡು ಗೆರೆ ಎಳೆದು:
ನಾಮಪದ.