ಮಶಾಕಸಾಬನ ಅಂಗೈ

ಸೋಲಾಪುರದ ಗಾಡಿಯಿಂದ ಡಬ್ಬಿ ಇಳೀತಿದ್ದವು,
ತಗಡಿನವು, ಎಂಟು, ಒಂದರ ಮ್ಯಾಲೂ ನಮ್ಮ ಅಕ್ಷರ ಇಲ್ಲ.
ನಮ್ಮಪ್ಪ ಹೆಸರು ಓದೋನು: ಒದೀಲ್ ಮಾರ್ಶಾಂ.
ಹಮಾಲ ಕೇಳ್ದ, 'ಯಾರ್ರೀ ಈಕಿ, ಇಷ್ಟು ಭಾರ ಅದಾಳ?'

ಗುಲಬರ್ಗಾದಾಗ ಆಗ ಸಿನಿಮಾ ಸೊಸೈಟಿ ಅಂದ್ರ
ನಾಕು ಮಂದಿ ವಕೀಲರು, ಕಾಲೇಜಿನ ಮಾಸ್ತರು, ಒಬ್ಬ ಹಲ್ಲಿನ ಡಾಕ್ಟರು.
ಶಹಾಬಾದಿ ಕಲ್ಲಿನ ನೆಲ, ಹಗಲೆಲ್ಲ ಕುಡಿದ ಬಿಸಲು
ರಾತ್ರಿ ಒಂಬತ್ತಕ್ಕ ಅಂಗಾಲಿಗೆ ವಾಪಸ್ ಕೊಡೋದು.
ಹೆಣ್ಣಂದ್ರ ನಾನೊಬ್ಬಾಕಿ, ಚೀಟಿ ಹರೀಲಿಕ್ಕ.

ಅಪ್ಪ ಮೊದಲು ಎದ್ದು ನಿಂತು ಆಕಿ ಕಥಿ ಹೇಳ್ತಿದ್ದ:
ಬಂದರದ ಊರಾಗಿನ ಕಟುಕನ ಮಗಳು;
ಮೊದಲ ಚಿತ್ರಕ್ಕ ಪೊಲೀಸರು ಬಂದಿದ್ರಂತ,
ಎರಡನೇದಕ್ಕ ಪಾದ್ರಿಗಳು, ಮೂರನೇದಕ್ಕ ಆಕಿ ಗಂಡ.
ಮಂದಿ ಹೋ ಅಂತ ಒದರಿದ್ರ ವೇದಿಕೆ ಏರಿ
ಮದುಮಗಳಂಗ ಬಾಗಿ ನಮಸ್ಕಾರ ಮಾಡ್ತಿದ್ಲಂತ.
ಹೇಳೋವಾಗ ಅಪ್ಪನ ದನಿಯೊಳಗ ಒಂದು ಹೆಮ್ಮಿ,
ತನ್ನ ಮನಿ ಹುಡುಗಿ ಅನ್ನೋಹಂಗ.

ಆಮ್ಯಾಲ ಹಿಂದಿನ ಕೋಣಿಗೆ ಹೋಗಿ ಮಶಾಕಸಾಬಗ
ಮೆಲ್ಲಗ: 'ನಮ್ಮ ಹುಡುಗಿ ಕುಂತದ. ಗೊತ್ತದಲ್ಲ.'

ಗೊತ್ತಿತ್ತು. ಆ ಗಳಿಗಿ ಬಂತಂದ್ರ
ಲೆನ್ಸಿನ ಮುಂದ ಅವನ ಅಂಗೈ ಬರೋದು.
ಪರದಿ ಕೆಂಪಾಗಿ ಕಪ್ಪಾಗೋದು. ಬೆರಳಿನ ಸಂದಿಯಿಂದ
ಒಂದು ಭುಜ, ಅರ್ಧ ಮಂಚ, ಯಾರದೋ ಹಿಮ್ಮಡಿ.
ದನಿ ಮಾತ್ರ ಪೂರಾ ಬರ್ತಿತ್ತು.
ಫ್ರೆಂಚಿನಾಗೂ ಉಸಿರು ನಮ್ಮ ಉಸಿರಿನಂಗೇ.
ಹಲ್ಲಿನ ಡಾಕ್ಟರು ಕೆಮ್ಮೋರು.

ಹನ್ನೊಂದು ವರ್ಷದಾಗ ಆಕಿವು ಆರು ಚಿತ್ರ ನೋಡಿದೆ.
ಪೂರಾ ನೋಡಿದವ ಊರಾಗ ಅವನೊಬ್ಬನೇ,
ಅದೂ ಕೈಯಾಗ, ಆಯುಷ್ಯದ ಗೆರಿ ಅಡ್ಡ ಬಂದ ಚಿತ್ರ.

ಒಮ್ಮೆ ಕೇಳೇಬಿಟ್ಟೆ, ಪಾನಿನ ಅಂಗಡಿ ಮುಂದ:
'ಸಾಬ, ಏನಿರ್ತಿತ್ತು ಅಲ್ಲಿ?'
ಎಲಿಗೆ ಸುಣ್ಣ ಹಚ್ಚಕೋತ ಸುಮ್ಮಿದ್ದ ಸ್ವಲ್ಪ ಹೊತ್ತು.
'ಏನಿಲ್ಲ ಬೇಟಿ. ಒಬ್ಬಾಕಿ ಅಳ್ತಿದ್ಲು.
ಮೈಮ್ಯಾಲ ಬಟ್ಟಿ ಇರ್ಲಿಲ್ಲ, ಅಷ್ಟ.
ಕೈ ಸುಡ್ತಿತ್ತು ನಂದು.'

ಆಕಿ ಕಡೀ ಚಿತ್ರ ಬರೋದ್ರಾಗ ಅಪ್ಪ ಇರ್ಲಿಲ್ಲ.
ಏಳು ಮಂದಿ ಇದ್ವಿ, ಫ್ಯಾನು ಒಂದು.
ಎಪ್ಪತ್ತೆರಡರ ಮುದುಕಿ, ಆಕಿನೇ, ಕ್ಯಾಮೆರಾದ ಎದುರಿಗೆ
ಒಂದೊಂದೇ ಗುಂಡಿ ಬಿಚ್ಚಿದ್ಲು, ಸೆಕಿಗೆ ಬಿಚ್ಚಿದಂಗ.
ಹೊಟ್ಟಿ ಮ್ಯಾಲಿನ ಹೊಲಿಗಿ ಗುರುತಿಗೆ ಬೆರಳಿಟ್ಟು
ನಕ್ಷೆಯೊಳಗ ಊರು ತೋರಿಸಿದಂಗ ಏನೋ ಹೇಳಿದ್ಲು.

ತಿರುಗಿ ನೋಡಿದೆ.
ಬೆಳಕಿನ ಕೋಲಿನಾಗ ಧೂಳು,
ಮಶಾಕಸಾಬನ ಕೈ ಅರ್ಧಕ್ಕ ಎದ್ದು ನಿಂತಿತ್ತು.
ಆಮ್ಯಾಲ ಆ ಕೈಲೇ ಕಿಸೆಯಿಂದ ಟೊಪ್ಪಿಗಿ ತೆಗೆದು,
ಝಾಡಿಸಿ,
ತಲಿಗೆ ಹಾಕ್ಕೊಂಡ.